ಒಂದೇ ಸಲ ಕೇಳುವವರು

ನಮ್ಮ ಕಡೆ ಹಸಿವಿಗೂ ಊಟಕ್ಕೂ ನಡುವೆ ಎರಡು ‘ಬೇಡ’ಗಳಷ್ಟು ದೂರ ಇರುತ್ತದೆ. ಯಾರದಾದರೂ ಮನೆಗೆ ಹೋದಾಗ ಅವರು “ಊಟ ಮಾಡಿ” ಎಂದರೆ ಮೊದಲ ಸಲ “ಬ್ಯಾಡ ಬುಡಿ, ಈಗ್ತಾನೆ ಆಯ್ತು” ಎನ್ನಬೇಕು. ಎರಡನೇ ಸಲ ಕೇಳಿದಾಗ “ಅಯ್ಯೋ, ನಿಮಗ್ಯಾಕೆ ತೊಂದ್ರೆ” ಎನ್ನಬೇಕು. ಈ ಎರಡನೆಯದರಲ್ಲಿ ಸ್ವಲ್ಪ ಮೆತ್ತಗಾದ ಗುರುತು ಇರಬೇಕು, ಇಲ್ಲದಿದ್ದರೆ ಅಪಾಯ. ಮೂರನೇ ಸಲ ಅವರು ರಟ್ಟೆ ಹಿಡಿದು ಎಳೆದಾಗ, ಅವರ ಬಲವಂತಕ್ಕೆ ಸೋತವನ ಹಾಗೆ ಮುಖ ಮಾಡಿಕೊಂಡು ಕೈ ತೊಳೆಯಲು ಎದ್ದು ಹೋಗಬೇಕು. ಕೇಳುವವರಿಗೂ ಇದು ಗೊತ್ತು, ಹೇಳುವವರಿಗೂ ಗೊತ್ತು. ಒಳಗೆ ಹೆಂಗಸರು ಮೊದಲನೇ ‘ಬೇಡ’ ಕೇಳಿಸುವ ಹೊತ್ತಿಗೇ ಮುದ್ದೆಗೆ ಎಸರಿಟ್ಟಿರುತ್ತಾರೆ. ಸುಳ್ಳು ಅಂತ ಎಲ್ಲರಿಗೂ ಗೊತ್ತಿರುವುದರಿಂದ ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತಾರೆ.

ಈ ಪಾಠವನ್ನು ನನಗೆ ಕಲಿಸಿದವಳು ನಮ್ಮವ್ವ. ಶಾಲೆ ನನಗೆ ಕಲಿಸಿದ್ದು ಏಳನೇ ಕ್ಲಾಸಿನವರೆಗೆ ಮಾತ್ರ, ಅದರಲ್ಲೂ ಮುಕ್ಕಾಲು ಪಾಲು ಮರೆತುಹೋಗಿದೆ. ಅವ್ವನ ಪಾಠ ಮಾತ್ರ ತೊಡೆಯ ಮೇಲೆ ಇನ್ನೂ ಇದೆ. ಚಿಕ್ಕವನಿದ್ದಾಗ ಕೆ.ಆರ್. ನಗರದಲ್ಲಿದ್ದ ಚಿಕ್ಕವ್ವನ ಮನೆಗೆ ಹೋಗಿದ್ದೆವು. ಚಿಕ್ಕವ್ವ ಒಬ್ಬಟ್ಟಿನ ತಟ್ಟೆ ಹಿಡಿದು “ಬೇಕೇನ್ಲಾ ಮಗಾ?” ಎಂದಿದ್ದೇ ತಡ, ನಾನು “ಬೇಕು” ಎಂದುಬಿಟ್ಟೆ. ಅವ್ವ ನಗುನಗುತ್ತಲೇ ನನ್ನ ತೊಡೆಗೆ ಕೈ ಹಾಕಿ ಎಂಥ ಚಿವುಟು ಚಿವುಟಿದಳೆಂದರೆ, ಆ ಒಬ್ಬಟ್ಟಿನ ರುಚಿ ಏನೆಂದು ಇವತ್ತಿಗೂ ನನಗೆ ತಿಳಿಯದು. ವಾಪಸ್ ಬರುವಾಗ ಬಸ್ಸಿನ ತುಂಬ ಬೈದಳು. “ಮನೇಲಿ ಉಣ್ಣಕ್ಕಿಲ್ವೇನೋ ಅನ್ಕಳಾಕಿಲ್ವೇನ್ಲಾ? ಮೊದಲ್ನೇ ಸಲಕ್ಕೇ ಬೇಕು ಅನ್ನೋನು ಭಿಕ್ಷದೋನು ಕಣೋ!” ಪಕ್ಕದಲ್ಲಿ ಕೂತಿದ್ದ ನನ್ನ ತಂಗಿ ರತ್ನ ಗಂಭೀರವಾಗಿ ತಲೆ ಆಡಿಸುತ್ತಿದ್ದಳು. ಅವಳು ಅಲ್ಲಿ ಎರಡು ಸಲ ಬೇಡ ಎಂದು ಮೂರು ಒಬ್ಬಟ್ಟು ತಿಂದಿದ್ದಳು.

ಹಾಗಂತ ಈ ಮರ್ಯಾದೆ ಯಾವಾಗಲೂ ಹೊಟ್ಟೆ ತುಂಬಿಸುತ್ತದೆ ಅನ್ನುವಂತಿಲ್ಲ. ಮದುವೆಯಾದ ಹೊಸದರಲ್ಲಿ ಪಿರಿಯಾಪಟ್ಟಣದ ಹತ್ತಿರದ ನನ್ನ ಮಾವನ ಮನೆಗೆ ಹೋಗಿದ್ದೆ. ಹೊಸ ಅಳಿಯ ಅಂತ ಬಾಡೂಟ. ಮಾವ ಒಂದು ಸಲ ಕರೆದರು, ಬೇಡ ಎಂದೆ. ಇನ್ನೊಂದು ಸಲ ಕರೆದರು, ಆಗಲೂ ಬೇಡ ಎಂದೆ. ಹೊಸ ಅಳಿಯನಲ್ಲವೇ, ಸ್ವಲ್ಪ ಬಿಗಿಯಾಗಿಯೇ ಎಂದೆ. ಮೂರನೇ ಸಲಕ್ಕೆ ಅವರು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿತ್ತಿಲಲ್ಲಿ ಹಸು ಕರು ಹಾಕುತ್ತಿದೆ ಅಂತ ಕೂಗು ಬಂತು. ಮನೆಮಂದಿಯೆಲ್ಲ ಕೊಟ್ಟಿಗೆಗೆ ಓಡಿದರು. ನಾನು ಜಗಲಿಯ ಮೇಲೆ ಸಾರಿನ ಘಮ ಕುಡಿಯುತ್ತಾ ಕೂತೆ. ಕರು ಅಡ್ಡ ಸಿಕ್ಕಿಕೊಂಡಿತ್ತಂತೆ. ಅದು ಹೊರಗೆ ಬಂದು ಎದ್ದು ನಿಂತು ಹಾಲು ಕುಡಿದು ಮಲಗಿದ ಮೇಲೆ ಮಾವ ಬಂದು, “ಅಳಿಯಂದಿರಿಗೆ ಹಸಿವಿಲ್ವಂತೆ, ಹಾಸಿಗೆ ಹಾಸ್ಕೊಡಿ” ಎಂದರು. ಆ ಮನೆಯಲ್ಲಿ ಅವತ್ತು ಹುಟ್ಟಿದ ಕರು ನನಗಿಂತ ಮುಂಚೆ ಊಟ ಮಾಡಿತು. ಆಗಲೇ ನಾನು ಬುದ್ಧಿ ಕಲಿಯಬಹುದಿತ್ತು. ಕಲಿಯಲಿಲ್ಲ ಅನ್ನುವುದಕ್ಕೇ ಈಗ ಇಷ್ಟು ಹೇಳಬೇಕಾಗಿದೆ.

ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಹೋಟೆಲಿದೆ. ಹೋಟೆಲು ಎಂದರೆ ನಾಲ್ಕು ಬೆಂಚು, ಒಂದು ಇಡ್ಲಿ ಪಾತ್ರೆ, ಒಂದು ಟೀ ಸ್ಟೌವು, ನಾನು. ನನ್ನ ಹೆಂಡತಿ ಮಂಜುಳ ಮನೆಯಿಂದ ಚಟ್ನಿ ರುಬ್ಬಿ ಕಳಿಸುತ್ತಾಳೆ. ನಮ್ಮ ತಾಲ್ಲೂಕು ಊರಾದ ಕೋಟೆಯ ಆಫೀಸುಗಳಿಗೆ ಹೋಗುವವರು, ಹೊಳೆಯಾಚೆಯ ಊರುಗಳಿಂದ ಬಂದು ಬಸ್ಸು ಕಾಯುವವರು ನನ್ನ ಗಿರಾಕಿಗಳು. ನನ್ನ ಉಪಚಾರಕ್ಕೆ ಸುತ್ತಮುತ್ತ ಹೆಸರಿದೆ. “ಇನ್ನೊಂದು ಇಡ್ಲಿ ಹಾಕ್ಲಾ?” ಎಂದು ಕೇಳುತ್ತೇನೆ. ಬೇಡ ಎಂದರೆ “ಬಿಸಿ ಅದೆ ಸಾರ್, ಒಂದೇ ಒಂದು” ಎನ್ನುತ್ತೇನೆ. ಆಗಲೂ ಬೇಡ ಎಂದರೆ “ಹಸ್ಕೊಂಡು ಬಸ್ ಹತ್ತಬ್ಯಾಡಿ ಕಣ್ರೀ” ಎಂದು ತಟ್ಟೆಗೆ ಹಾಕಿಯೇ ಬಿಡುತ್ತೇನೆ. “ಶಿವಣ್ಣನ ಹೋಟ್ಲಲ್ಲಿ ತಾಯಿ ಬಡಿಸ್ದಂಗೆ ಬಡಿಸ್ತಾನೆ” ಎಂದು ಒಬ್ಬ ಮೇಷ್ಟ್ರು ಎಲ್ಲರ ಮುಂದೆ ಹೇಳಿದ್ದರು. ಆ ಮಾತನ್ನು ಮಂಜುಳಗೆ ಹೇಳಿದಾಗ ಅವಳು, “ತಾಯಿ ಬಿಲ್ ಕೊಡ್ತಾಳಾ?” ಎಂದು ಕೇಳಿ ಚಟ್ನಿ ರುಬ್ಬಲು ಹೋದಳು. ಅವಳಿಗೆ ತಮಾಷೆ ಮಾಡುವ ಅಭ್ಯಾಸವಿಲ್ಲ. ಆದ್ದರಿಂದಲೇ ಅವಳ ಮಾತು ನನಗೆ ರಾತ್ರಿಯ ಊಟದವರೆಗೂ ಅರಗಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಂಗಿಯ ವಿಷಯಕ್ಕೆ ಬರಬೇಕು. ಬರುವುದನ್ನು ಮುಂದೂಡುತ್ತಲೇ ಕರು, ಇಡ್ಲಿ ಅಂತ ಸುತ್ತುತ್ತಿದ್ದೇನೆ.

ರತ್ನ ಗಾವಡಗೆರೆ ಕಡೆಯ ಒಂದು ಊರಿನಲ್ಲಿದ್ದಾಳೆ. ನನಗಿಂತ ಬುದ್ಧಿವಂತೆ, ಹತ್ತನೇ ಕ್ಲಾಸು ಪಾಸಾದವಳು. ಗಂಡ ತೀರಿಹೋಗಿದ್ದಾನೆ, ಒಬ್ಬಳು ಚಿಕ್ಕ ಮಗಳಿದ್ದಾಳೆ. ಹೊಗೆಸೊಪ್ಪಿನ ಕಾಲದಲ್ಲಿ ಅವಳಿಗೆ ಕೂಲಿ: ಹೊಲದಿಂದ ಮುರಿದು ತಂದ ಹಸಿ ಎಲೆಗಳನ್ನು ಬ್ಯಾರನ್ ಅನ್ನುವ ಕಾವಿನ ಮನೆಯಲ್ಲಿ ಬೇಯಿಸುವ ಮುಂಚೆ ಕಡ್ಡಿಗೆ ಕಟ್ಟುವುದು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿ ಟಾರಿನ ಹಾಗೆ ಕಪ್ಪಗಾಗುತ್ತದೆ. ಸೋಪು ಹಾಕಿ ತಿಕ್ಕಿದರೆ ಕಪ್ಪು ಹೋಗುತ್ತದೆ, ಕಹಿ ಹೋಗುವುದಿಲ್ಲ. ಆ ಕೈಯಲ್ಲಿ ಅವಳು ತುತ್ತು ಮಾಡಿ ಕೊಟ್ಟರೆ ಮಗಳು ಬಾಯಿ ಮುಚ್ಚಿಕೊಳ್ಳುತ್ತಾಳೆ. “ಅವ್ವ ಕಯ್ಯಿ” ಎನ್ನುತ್ತಾಳೆ. ಹಾಗಾಗಿ ಸೊಪ್ಪಿನ ಕಾಲ ಮುಗಿಯುವವರೆಗೆ ಮಗುವಿಗೆ ಪಕ್ಕದ ಮನೆಯ ಅಜ್ಜಿ ಉಣಿಸುತ್ತಾಳೆ, ರತ್ನ ದೂರ ಕೂತು ನೋಡುತ್ತಾಳೆ. ಇದನ್ನು ಅವಳು ನನಗೆ ನಗುತ್ತಾ ಹೇಳಿದಳು. ನಾನೂ ನಕ್ಕೆ. ಏನು ಮಾಡಬೇಕೆಂದು ತಿಳಿಯದಾಗ ನಾನು ಮೊದಲು ಮಾಡುವ ಕೆಲಸ ಅದು.

ಅವಳ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಹೆಂಗಸು ರಿಟೈರ್ ಆದಳು. ಆ ಜಾಗಕ್ಕೆ ಅದೇ ಊರಿನವರೇ ಆಗಬೇಕು, ಹತ್ತನೇ ಕ್ಲಾಸು ಆಗಿರಬೇಕು, ವಯಸ್ಸು ಮೀರಿರಬಾರದು. ರತ್ನನಿಗೆ ಈ ವರ್ಷ ದಾಟಿದರೆ ವಯಸ್ಸು ಮೀರುತ್ತದೆ. ಒಂದು ಊರಿಗೆ ಒಂದೇ ಜಾಗ, ಒಬ್ಬಳು ಸೇರಿದರೆ ಮುದುಕಿಯಾಗುವವರೆಗೆ ಏಳುವುದಿಲ್ಲ. ಅಂದರೆ ಇದು ಅವಳಿಗೆ ಮೊದಲನೆಯದೂ ಹೌದು, ಕೊನೆಯದೂ ಹೌದು. “ಮಕ್ಕಳಿಗೆ ಬೇಸಿ ಬಡಿಸೋ ಕೆಲ್ಸ ಕಣಣ್ಣಯ್ಯ,” ಎಂದಳು ಫೋನಿನಲ್ಲಿ, “ಕೈ ತೊಳ್ಕೊಂಡ್ರೆ ಸಾಕು, ಕೈ ಕೈಯಾಗೇ ಇರ್ತದೆ.” ಅರ್ಜಿ ಕರೆದಿರುವುದನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರಂತೆ, ಹಾಕಿದ ಮೇಲೆ ಕೆಲವೇ ದಿನ ಇಟ್ಟಿರುತ್ತಾರಂತೆ. ಯಾವಾಗ ಹಾಕುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಹುಣಸೂರಿನ ಕಂಪ್ಯೂಟರ್ ಅಂಗಡಿಯವರು ಅವಳಿಗೆ ಒಂದು ಉಪಾಯ ಹೇಳಿದ್ದರು. ಆ ವೆಬ್‌ಸೈಟು ದಿನಾ ತೆಗೆದು ನೋಡುವುದು ಬೇಕಿಲ್ಲ. ಒಂದು ಸಲ ‘ನೋಟಿಫಿಕೇಶನ್’ ಹಾಕಿಸಿಕೊಂಡರೆ, ಹೊಸದೇನಾದರೂ ಬಂದ ಕೂಡಲೇ ಫೋನೇ ಟಿಂಗ್ ಅಂತ ಕೂಗಿ ಕರೆಯುತ್ತದೆ. ಆದರೆ ರತ್ನನ ಹತ್ತಿರ ಇರುವುದು ಬಟನ್ ಫೋನು. “ನಿಂದು ದೊಡ್ಡ ಫೋನಲ್ವಾ ಅಣ್ಣಯ್ಯ, ನಿಂದ್ರಲ್ಲಿ ಹಾಕಿಸ್ಕೊ. ಬಂದೇಟ್ಗೆ ನಂಗೊಂದು ಫೋನ್ ಮಾಡು. ಮಿಕ್ಕಿದ್ದು ನಾ ಓಡಾಡ್ಕತೀನಿ.” ಅವಳು ನನ್ನಿಂದ ಕೇಳಿದ್ದು ಇಷ್ಟೇ.

ಮಾರನೇ ದಿನ ಬೆಳಿಗ್ಗೆಯ ಗಿರಾಕಿ ಇಳಿದ ಮೇಲೆ ಬೆಂಚಿನ ಮೇಲೆ ಕೂತು ವೆಬ್‌ಸೈಟು ತೆರೆದೆ. ಪುಟ ಇನ್ನೂ ಪೂರ್ತಿ ಬಂದಿರಲಿಲ್ಲ, ಮೇಲಿಂದ ಒಂದು ಬಿಳಿ ಚೌಕ ಇಳಿಯಿತು. ‘ನಿಮಗೆ ಅಧಿಸೂಚನೆಗಳನ್ನು ಕಳುಹಿಸಬಹುದೇ?’ ಎಂದು ಬಹಳ ಮರ್ಯಾದೆಯಿಂದ ಕೇಳಿತು. ಕೆಳಗೆ ಎರಡು ಗುಂಡಿ. ಒಂದರಲ್ಲಿ ‘ಅನುಮತಿಸಿ’, ಇನ್ನೊಂದರಲ್ಲಿ ‘ಬೇಡ’.

ಇಲ್ಲಿ ನಾನು ನಿಮ್ಮ ಮುಂದೆ ವಾದ ಮಾಡುವುದಿಲ್ಲ, ಆದದ್ದನ್ನು ಹೇಳುತ್ತೇನೆ. ನಾನು ‘ಬೇಡ’ ಒತ್ತಿದೆ. ಓದಲು ಬರದೆ ಅಲ್ಲ, ಕೈ ತಪ್ಪಿಯೂ ಅಲ್ಲ. ಅಷ್ಟು ಮರ್ಯಾದೆಯಾಗಿ ಕೇಳಿದ್ದಕ್ಕೆ ಅಷ್ಟೇ ಮರ್ಯಾದೆಯಾಗಿ ಬೆರಳು ಹೋಗಿ ಅಲ್ಲಿ ಕೂತಿತು. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕೇಳುತ್ತಿದ್ದಾರೆ, ಮೊದಲ ಸಲಕ್ಕೇ ‘ಕಳಿಸಿ ಕಳಿಸಿ’ ಎಂದು ಬಾಯಿ ಬಿಡುವುದೇ? ಇನ್ನೊಂದು ಸಲ ಕೇಳುತ್ತದೆ, ಆಗ ಒತ್ತಿದರಾಯಿತು ಎಂದುಕೊಂಡೆ. ನನ್ನ ತೊಡೆ ಅವ್ವನ ಚಿವುಟನ್ನು ಮರೆತಿರಲಿಲ್ಲ. ಅದೂ ಅಲ್ಲದೆ ಫೋನಿನ ಲೋಕದಲ್ಲಿ ಒಂದೇ ಸಲ ಕೇಳಿ ಸುಮ್ಮನಾದವರನ್ನು ನಾನು ಆವರೆಗೆ ಕಂಡಿರಲಿಲ್ಲ. ಸಾಲ ಬೇಕಾ ಎಂದು ಕೇಳುವ ಹುಡುಗಿಗೆ ಬೇಡ ಎಂದರೆ ಮಧ್ಯಾಹ್ನ ಅವಳ ಅಕ್ಕ ಕೇಳುತ್ತಾಳೆ, ಸಂಜೆ ಅವಳ ಮೇಲಿನವನು ಕೇಳುತ್ತಾನೆ. ಕಾಲರ್ ಟ್ಯೂನ್ ಬೇಡ ಎಂದು ನಾನು ಹೇಳಿದಷ್ಟು ಸಲ ದೇವರ ಹೆಸರು ಹೇಳಿದ್ದರೆ ಇಷ್ಟು ಹೊತ್ತಿಗೆ ಮೋಕ್ಷ ಸಿಗುತ್ತಿತ್ತು. ಇಂಥ ಲೋಕದಲ್ಲಿ ಅದೊಂದು ವೆಬ್‌ಸೈಟು ಮಾತ್ರ ಮಾತಿಗೆ ಬೆಲೆ ಕೊಡುವ ಜಾತಿಯದೆಂದು ನನಗೆ ಹೇಗೆ ಗೊತ್ತಾಗಬೇಕು? ಬೇಡ ಎಂದೆ. ಸರಿ ಎಂದು ಹೊರಟುಹೋಯಿತು.

ಎರಡು ದಿನ ಬಿಟ್ಟು ಮತ್ತೆ ತೆರೆದೆ. ಪುಟ ಬಂತು, ಚೌಕ ಬರಲಿಲ್ಲ. ಮುಚ್ಚಿ ತೆರೆದೆ. ಫೋನು ಆರಿಸಿ ಹಚ್ಚಿದೆ. ಹುಡುಗಿ ನೋಡಲು ಹೋದವನು ಮನೆ ಮುಂದೆ ಸುಮ್ಮನೆ ಅತ್ತಿಂದಿತ್ತ ಓಡಾಡುವ ಹಾಗೆ ಆ ಪುಟವನ್ನು ಮೇಲೆ ಕೆಳಗೆ ಉಜ್ಜಿದೆ. ಕೇಳಲಿಲ್ಲ. ಬಿಗುಮಾನ ಇರಬೇಕು, ನಾಳೆ ಕೇಳುತ್ತದೆ ಎಂದುಕೊಂಡೆ. ಆ ಹೊತ್ತಿಗೆ ಒಂದು ಬಸ್ಸು ಬಂತು, ಇಡ್ಲಿಗೆ ಜನ ಬಂದರು. ಆಮೇಲೆ ದಿನಗಳೂ ಬಸ್ಸಿನ ಹಾಗೇ ಬಂದು ಹೋದವು. ಇಷ್ಟರ ನಡುವೆ ಬೇರೆ ಯಾವ್ಯಾವುದೋ ಪುಟಗಳು ಮಾತ್ರ ನನ್ನನ್ನು ಕೇಳುತ್ತಲೇ ಇದ್ದವು. ದಿನಭವಿಷ್ಯದ್ದು ಮೂರು ಸಲ ಕೇಳಿತು, ನಮ್ಮ ಪದ್ಧತಿಯ ಪ್ರಕಾರ ಒಪ್ಪಿಕೊಂಡೆ. ಚಿನ್ನದ ರೇಟಿನದ್ದು ಕೇಳಿತು, ಮನೆಯಲ್ಲಿ ಚಿನ್ನವಿಲ್ಲದಿದ್ದರೂ ಇಷ್ಟು ಬಲವಂತ ಮಾಡುವಾಗ ಇಲ್ಲ ಅನ್ನಲಾಗದೆ ಅದಕ್ಕೂ ಅನುಮತಿಸಿದೆ. ಬೊಜ್ಜು ಕರಗಿಸುವುದು, ಮನೆಯ ವಾಸ್ತು, ಯಾರದೋ ನಟಿಯ ಮದುವೆ, ಎಲ್ಲವೂ ಬಂದು ಸೇರಿಕೊಂಡವು. ಬೆಳಗಿನಿಂದ ಸಂಜೆಯವರೆಗೆ ನನ್ನ ಅಂಗಿ ಜೇಬು ಟಿಂಗ್ ಟಿಂಗ್ ಎನ್ನುತ್ತಿತ್ತು. ಗಿರಾಕಿಗಳು, “ಏನ್ ಶಿವಣ್ಣ, ಜೇಬಲ್ಲಿ ದೇವಸ್ಥಾನ ಮಡಿಕ್ಕಂಡಿದ್ದೀರಾ?” ಎಂದು ನಗುತ್ತಿದ್ದರು.

ರತ್ನ ಫೋನು ಮಾಡಿ, “ಹಾಕಿಸ್ಕಂಡ್ಯಾ ಅಣ್ಣಯ್ಯ?” ಎಂದಳು.

“ಎಲ್ಲಾ ಹಾಕಿಸ್ಕೊಂಡಿವ್ನಿ ಕಣವ್ವ,” ಎಂದೆ. ಅದೇ ಹೊತ್ತಿಗೆ ಜೇಬು ಟಿಂಗ್ ಎಂದಿತು.

“ಬಂತಾ?” ಎಂದಳು. ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ.

“ಇಲ್ಲ, ಇದು ಚಿನ್ನ ಇಳಿದದಂತೆ.”

“ಓ,” ಎಂದಳು. “ಇಳೀಲಿ ಬುಡು.”

ನಿಜ ಹೇಳಬಹುದಿತ್ತು. ‘ಮೊದಲ ಸಲ ಬೇಡ ಅಂದುಬಿಟ್ಟೆ, ಈಗ ಅದು ಕೇಳುತ್ತಿಲ್ಲ, ಬೇರೆ ಯಾರಿಗಾದರೂ ಹೇಳು’ ಎಂದಿದ್ದರೆ ಅವಳು ಹುಣಸೂರಿನವರಿಗೇ ಹೇಳಿ ಇನ್ನೇನಾದರೂ ಮಾಡಿಕೊಳ್ಳುತ್ತಿದ್ದಳು. ಆದರೆ ಹತ್ತನೇ ಕ್ಲಾಸಿನ ತಂಗಿಯ ಮುಂದೆ ಏಳನೇ ಕ್ಲಾಸಿನ ಅಣ್ಣನಿಗೆ ಇರುವುದು ಒಂದು ದೊಡ್ಡ ಫೋನು ಮಾತ್ರ. ಅದನ್ನೂ ಬಳಸಲು ಬರುವುದಿಲ್ಲ ಎಂದು ಒಪ್ಪಿಕೊಂಡರೆ ಉಳಿಯುವುದೇನು? ನನ್ನ ಹೋಟೆಲಿನ ಎದುರಿಗೇ ಇಮ್ತಿಯಾಜ್ ಭಾಯಿಯ ಮೊಬೈಲ್ ಅಂಗಡಿ ಇದೆ. ರಸ್ತೆ ದಾಟಿದರೆ ಸಾಕಿತ್ತು. ಅವರಿಗೆ ದಿನಾ ಎರಡು ಹೊತ್ತು ಟೀ ಕೊಡಲು ದಾಟುತ್ತಲೂ ಇದ್ದೆ. ಆದರೆ ಆ ಫೋನು ಕೊಳ್ಳುವಾಗ ಅವರು “ಸೆಟ್ಟಿಂಗ್ ಹೇಳ್ಕೊಡ್ಲಾ ಅಣ್ಣ?” ಎಂದಿದ್ದಕ್ಕೆ ನಾನು “ಎಲ್ಲಾ ಗೊತ್ತು ಬುಡಿ ಭಾಯಿ” ಎಂದಿದ್ದೆ. ಅವರೂ ಒಂದೇ ಸಲ ಕೇಳಿದ್ದರು.

ಒಂದು ಮಧ್ಯಾಹ್ನ ಏಕೋ ಮನಸ್ಸು ತಡೆಯದೆ ಆ ವೆಬ್‌ಸೈಟನ್ನು ತೆರೆದು, ಚೌಕಕ್ಕೆ ಕಾಯದೆ ಒಳಗೆ ಓದಿಕೊಂಡು ಹೋದೆ. ತಂಗಿಯ ಊರಿನ ಹೆಸರು ಅಲ್ಲಿತ್ತು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ’ ಎಂದಿತ್ತು. ಓದಲು ನನಗೆ ನಿಧಾನ, ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಅವತ್ತು ಮೂರು ಸಲ ಕೂಡಿಸಿದೆ. ಪ್ರತಿ ಸಲವೂ ಮುಗಿದೇ ಇತ್ತು.

ರಸ್ತೆ ದಾಟಿದೆ. ಇಮ್ತಿಯಾಜ್ ಭಾಯಿ ಯಾರದೋ ಫೋನಿನ ಹೊಟ್ಟೆ ಬಗೆದು ಕೂತಿದ್ದರು. ನನ್ನ ಕಥೆ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಅರೆ ಶಿವಣ್ಣ, ಬೇಡ ಅಂತ ಯಾಕೆ ಒತ್ತಿದ್ರಿ?”

“ಇನ್ನೊಂದ್ಸಲ ಕೇಳ್ತದೆ ಅಂತ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ನಗಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ ಹಾಗಿತ್ತು. “ಅದೇನು ನಿಮ್ಮ ಬೀಗರ ಮನೆನಾ? ಬೇಡ ಅಂದ್ರೆ ಬೇಡಾನೇ ಅದಕ್ಕೆ. ಒಂದ್ಸಲ ಬೇಡ ಅಂದ ಸೈಟಿಗೆ ಮತ್ತೆ ಕೇಳೋಕೆ ಫೋನು ಬಿಡೋದೇ ಇಲ್ಲ. ಮೂರ್ಮೂರು ಸಲ ಕೇಳೋ ಸೈಟುಗಳು ಮೊದ್ಲು ತಮ್ದೇ ಚೌಕ ತೋರಿಸಿ ಕೇಳ್ತವೆ, ಅದು ಬೇರೆ. ಬೇಕು ಅಂದ್ರೆ ನಾವೇ ಹೋಗಿ ಬಾಗ್ಲು ತೆಗೀಬೇಕು.” ನನ್ನ ಫೋನು ತೆಗೆದುಕೊಂಡು ವೆಬ್‌ಸೈಟಿನ ಹೆಸರಿನ ಪಕ್ಕದ ಒಂದು ಪುಟ್ಟ ಗುರುತನ್ನು ಒತ್ತಿದರು, ಒಳಗೊಂದು ಸಾಲು ತೆರೆಯಿತು, ಅಲ್ಲಿ ಬೆರಳಲ್ಲಿ ಒಂದು ಚುಕ್ಕೆಯನ್ನು ಎಡದಿಂದ ಬಲಕ್ಕೆ ಸರಿಸಿದರು. “ಆಯ್ತು ನೋಡಿ.” ಟೀ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. “ನಮ್ಮಲ್ಲೂ ಮೂರು ಸಲ ಬಲವಂತ ಮಾಡಿದ್ರೇನೇ ಬಿರಿಯಾನಿಗೆ ಕೈ ಹಾಕೋದು ಅಣ್ಣ,” ಎಂದರು ಸಮಾಧಾನಕ್ಕೆ. “ಆದ್ರೆ ಫೋನಿಗೆ ಯಾರು ಕಲಿಸ್ತಾರೆ ಅದನ್ನ?”

ಆ ಚುಕ್ಕೆ ಬಲಕ್ಕೆ ಸರಿದ ಮೇಲೆ ವೆಬ್‌ಸೈಟು ನನ್ನ ಮೇಲೆ ಯಾವ ಕೋಪವನ್ನೂ ಇಟ್ಟುಕೊಳ್ಳಲಿಲ್ಲ. ಕೆಲ ದಿನಗಳಲ್ಲೇ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಾಗ, ಟಿಂಗ್ ಎಂದಿತು. ಅದು ತಾನಾಗಿ ನನಗೆ ಕಳಿಸಿದ ಮೊದಲ ಸುದ್ದಿ: ‘ಆಯ್ಕೆ ಪಟ್ಟಿ ಪ್ರಕಟವಾಗಿದೆ’. ತೆರೆದು ನೋಡಿದೆ. ತಂಗಿಯ ಊರಿನ ಮುಂದೆ ಬೇರೆ ಯಾರೋ ಹೆಣ್ಣುಮಗಳ ಹೆಸರಿತ್ತು. ಅವಳ ಮನೆಯಲ್ಲಿ ಯಾರೋ ಮೊದಲ ಸಲಕ್ಕೇ ‘ಅನುಮತಿಸಿ’ ಒತ್ತಿರಬೇಕು. ಅವರ ಅವ್ವ ಚಿವುಟಿರಲಿಲ್ಲವೇನೋ.

ಅವತ್ತೇ ಸಂಜೆ ರತ್ನನ ಫೋನು. “ಬಂತಾ ಅಣ್ಣಯ್ಯ?” ನಾನು “ಇನ್ನೂ ಇಲ್ಲ ಕಣವ್ವ” ಎಂದೆ. ಎರಡು ದಿನ ಕಳೆದು ಮತ್ತೆ ಕೇಳಿದಳು. “ಸರ್ವರ್ ಬಿಜಿ ಅಂತೆ” ಎಂದೆ. ಸರ್ವರ್ ಎಂದರೆ ಏನೆಂದು ನನಗೆ ಗೊತ್ತಿಲ್ಲ, ಕೋಟೆಯ ಆಫೀಸಿನಿಂದ ವಾಪಸ್ ಬರುವ ಗಿರಾಕಿಗಳೆಲ್ಲ ಟೀ ಕುಡಿಯುತ್ತಾ ಅದನ್ನೇ ಬೈಯುತ್ತಿರುತ್ತಾರೆ, ಅದರ ಮೇಲೆ ಇನ್ನೊಂದು ಅಪವಾದ ಹೊರಿಸಿದರೆ ಭಾರವಾಗಲಾರದು ಅನಿಸಿತು. ಮತ್ತೊಂದು ವಾರಕ್ಕೆ ಮತ್ತೆ ಫೋನು ಮಾಡಿ, ಬಹಳ ಮೆಲ್ಲಗೆ, “ಬರ್ಲಿಲ್ವಾ ಅಣ್ಣಯ್ಯ? ಏನಾದ್ರೂ ಇದ್ರೆ ಹೇಳು,” ಎಂದಳು. “ಬತ್ತದೆ ಬುಡು, ಟಿಂಗ್ ಅಂದೇಟ್ಗೆ ನಾನೇ ಫೋನ್ ಮಾಡ್ತೀನಿ” ಎಂದು ಇಟ್ಟುಬಿಟ್ಟೆ. ಅವತ್ತು ಒಬ್ಬ ಗಿರಾಕಿ “ಇಡ್ಲಿ ಸಾಕು ಶಿವಣ್ಣ” ಎಂದ. “ಇನ್ನೊಂದು” ಎಂದು ಬಾಯಿ ತೆರೆದವನು ಕೈಯಲ್ಲಿದ್ದ ಇಡ್ಲಿಯನ್ನು ಪಾತ್ರೆಗೇ ವಾಪಸ್ ಹಾಕಿದೆ. ಆ ಒಂದು ಇಡ್ಲಿಯ ನಷ್ಟ ನನ್ನ ಪಶ್ಚಾತ್ತಾಪದ ಮೊದಲ ಖರ್ಚು.

ಮಾರನೇ ದಿನ ಹೋಟೆಲಿಗೆ ರಜೆ ಹಾಕಿ ರತ್ನನ ಊರಿಗೆ ಬೈಕು ಹತ್ತಿದೆ. ಹುಣಸೂರು ದಾಟುವವರೆಗೆ ಏನು ಹೇಳಬೇಕೆಂದು ಕೂಡಿಸಿದೆ, ದಾಟಿದ ಮೇಲೆ ಎಲ್ಲ ಮರೆತೆ. ಬ್ಯಾರನ್‌ಗಳಿಂದ ಸೊಪ್ಪು ಬೇಯುವ ವಾಸನೆ ರಸ್ತೆಗೆ ಹರಡಿತ್ತು. ಕಟ್ಟಿದ ಮಾತಿಗೆ ಬದಲು ಮನಸ್ಸಿಗೆ ಬಂದದ್ದು ಅವಳ ಗಂಡನ ತಿಥಿಯ ದಿನ. ಎಲ್ಲ ನೆಂಟರೂ ಅಂಗಳದಲ್ಲಿ ಕೂತಿದ್ದರು. ನಾನು ಎಲ್ಲರಿಗೂ ಕೇಳಿಸುವ ಹಾಗೆ, “ನಮ್ಮನೇಲೇ ಬಂದು ಇದ್ಬುಡು ರತ್ನ” ಎಂದಿದ್ದೆ. ಅವಳು, “ಬ್ಯಾಡ ಬುಡಣ್ಣಯ್ಯ, ನಿಂಗೂ ಸಂಸಾರ ಅದೆ” ಎಂದಿದ್ದಳು. ನಾನು “ನಿನ್ನಿಷ್ಟ ಕಣವ್ವ” ಎಂದು ಎಲೆ ಹಾಕಲು ಎದ್ದಿದ್ದೆ. ಎದ್ದಾಗ ಮೈ ಹಗುರವಾಗಿತ್ತು. ಕೇಳಿದೆನಲ್ಲ, ಬೇಡ ಎಂದಳಲ್ಲ, ನನ್ನ ಕೆಲಸ ಮುಗಿಯಿತು ಅನಿಸಿತ್ತು. ನೆಂಟರೆಲ್ಲ “ಕೇಳಿದ ನೋಡು, ಅಣ್ಣ ಅಂದ್ರೆ ಅಂಗಿರಬೇಕು” ಎಂದು ಹೊಗಳಿದ್ದರು. ಇಡ್ಲಿ ಬೇಡ ಎಂದವನನ್ನು ಮೂರು ಸಲ ಕೇಳುವ ನಾನು, ಆ ಮಾತನ್ನು ಆಮೇಲೆ ಇನ್ನೊಂದು ಸಲ ಎತ್ತಲಿಲ್ಲ. ಮೂರು ಒಬ್ಬಟ್ಟಿಗೇ ಎರಡು ಸಲ ಬೇಡ ಎಂದು ಕಲಿತವಳು, ಒಂದು ಮನೆಗೆ ಎಷ್ಟು ಸಲ ಬೇಡ ಎನ್ನಬೇಕಿತ್ತು? ಅವಳು ಎಣಿಕೆ ಶುರು ಮಾಡಿದ್ದಳಷ್ಟೆ. ನಾನು ಚೌಕ ಮುಚ್ಚಿಕೊಂಡು ಹೊರಟುಹೋದೆ.

ರತ್ನ ಆಗತಾನೆ ಕೂಲಿಯಿಂದ ಬಂದು ಹಿತ್ತಿಲಲ್ಲಿ ಕೈ ತಿಕ್ಕುತ್ತಿದ್ದಳು. ಮಗಳು ಪಕ್ಕದ ಅಜ್ಜಿಯ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ರತ್ನ ಸೆರಗಿಗೆ ಕೈ ಒರೆಸಿಕೊಂಡು ಚಾಪೆ ಹಾಸಿದಳು. ನಾನು ಕೂತು ಎಲ್ಲವನ್ನೂ ಹೇಳಿದೆ. ಚೌಕ ಕೇಳಿದ್ದು, ಬೇಡ ಎಂದದ್ದು, ಇನ್ನೊಂದು ಸಲ ಕೇಳುತ್ತದೆ ಎಂದು ಕಾದದ್ದು, ಭಾಯಿ ಚುಕ್ಕೆ ಸರಿಸಿದ್ದು. ಎಲ್ಲೆಲ್ಲಿ ನಗು ಬರಬಹುದೋ ಅಲ್ಲಲ್ಲಿ ಸ್ವಲ್ಪ ನಗುತ್ತಾ ಹೇಳಿದೆ. ಅವಳು ನಗಲಿಲ್ಲ.

“ನಂಗೊತ್ತು ಅಣ್ಣಯ್ಯ,” ಎಂದಳು.

“ಏನು ಗೊತ್ತು?”

“ಬೇರೆಯೋಳ್ಗೆ ಆಗೋಯ್ತು ಅಂತ. ಪಟ್ಟಿ ಬಂದ ದಿನಾನೇ ಊರಲ್ಲೆಲ್ಲ ಸುದ್ದಿ. ಅವ್ಳೇ ಬಂದು ಸಕ್ಕರೆ ಕೊಟ್ಟೋದ್ಲು.”

“ಮತ್ತೆ ಬಂತಾ ಬಂತಾ ಅಂತ ನನ್ನ ಯಾಕವ್ವ ಕೇಳ್ತಿದ್ದೆ?”

ಅವಳು ತನ್ನ ಅಂಗೈ ನೋಡಿಕೊಂಡಳು. ಉಗುರಿನ ಸುತ್ತ ಕಪ್ಪು ಇನ್ನೂ ಉಳಿದಿತ್ತು. “ಹೇಳ್ತೀಯೇನೋ ಅಂತ. ಪಟ್ಟಿ ಬಂದ್ಮೇಲೆ ಮೂರು ಸಲ ಕೇಳ್ದೆ. ಅವ್ವ ಹೇಳ್ಕೊಟ್ಟಂಗೆ.”

ಜೇಬು ಟಿಂಗ್ ಎಂದಿತು. ನನ್ನ ರಾಶಿಗೆ ಇಂದು ಬಂಧುಗಳಿಂದ ಶುಭವಾರ್ತೆ ಇದೆಯೆಂದು ಆಮೇಲೆ ನೋಡಿದಾಗ ತಿಳಿಯಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ, ಅವಳು ಅತ್ತು, ನಾನೂ ಅತ್ತು, ಎಲ್ಲ ಸರಿಹೋಗುತ್ತಿತ್ತು. ಅವಳು ಬೈಯಲಿಲ್ಲ. “ಹೋಗ್ಲಿ ಬುಡು” ಎಂದೂ ಅನ್ನಲಿಲ್ಲ. ನನಗೆ ನೀರು ತಂದುಕೊಟ್ಟಳು. ಮಗಳನ್ನು ಕೂಗಿ, “ಮಾವ ಬಂದವ್ನೆ ನೋಡು” ಎಂದಳು. ಮಗು ಬಂದು ನನ್ನ ಫೋನು ಕೇಳಿತು. ಕೊಟ್ಟೆ. ಆಡಿಕೊಳ್ಳುವುದಕ್ಕಾದರೂ ಅದು ಆ ಮನೆಗೆ ಉಪಯೋಗಕ್ಕೆ ಬರಲಿ.

ಆಗ ಧೈರ್ಯ ಮಾಡಿ, “ನಮ್ಮನೆಗೆ ಬಂದ್ಬುಡು ರತ್ನ, ಮಗೀನೂ ಕರ್ಕೊಂಡು,” ಎಂದೆ.

“ಬ್ಯಾಡ ಅಣ್ಣಯ್ಯ.”

“ಇಲ್ಲ, ನಿಜವಾಗ್ಲೂ ಕೇಳ್ತಾ ಇವ್ನಿ. ಬಾ.”

“ಬ್ಯಾಡ.”

“ರತ್ನ, ಬಾ.”

“ನಾ ಬ್ಯಾಡ ಅಂತಿರೋದೂ ನಿಜವಾಗ್ಲೇ ಕಣಣ್ಣಯ್ಯ,” ಎಂದಳು. “ಅವತ್ತಿಂದು ಬೇರೆ.”

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವರೆಕಾಳಿನ ಘಮ. ಅವಳು ಪಾತ್ರೆಯ ಮುಚ್ಚಳ ತೆಗೆದು ಸೌಟಿನಲ್ಲಿ ತಿರುವಿ, ತಿರುಗಿ ನೋಡದೆ, “ಉಂಡ್ಕಂಡು ಹೋಗ್ತೀಯಾ?” ಎಂದಳು. ನಾನು ಬೆಳಿಗ್ಗೆ ಒಂದು ಟೀ ಕುಡಿದು ಹೊರಟವನು. ಅವಳ ಕೈಯ ಕಹಿ ಮುದ್ದೆಯನ್ನು ಅವತ್ತು ಉಣ್ಣಬೇಕೆಂದು ನಿಜವಾಗಿಯೂ ಆಸೆಯಾಗಿತ್ತು. ಅದನ್ನು ಉಂಡರೆ ಏನೋ ಸ್ವಲ್ಪ ತೀರಿದ ಹಾಗಾಗುತ್ತದೆ ಅನಿಸಿತ್ತು. ಆದರೆ ನಾಲಿಗೆ ನನ್ನನ್ನು ಕೇಳಲಿಲ್ಲ.

“ಬ್ಯಾಡ ಕಣವ್ವ, ಈಗ್ತಾನೆ ಆಯ್ತು,” ಎಂದೆ.

“ಸರಿ,” ಎಂದಳು. ಪಾತ್ರೆಗೆ ಮುಚ್ಚಳ ಮುಚ್ಚಿದಳು.

ನಾನು ಕಾದೆ. ಇನ್ನೊಂದು ಲೋಟ ನೀರು ಕೇಳಿ ಕುಡಿದೆ. ಮಗುವಿನ ಕೈಯಿಂದ ಫೋನು ಬಿಡಿಸಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಜಗಲಿಗೆ ಬಂದು ಚಪ್ಪಲಿಯನ್ನು ಒಂದೊಂದಾಗಿ, ನಿಧಾನವಾಗಿ ಮೆಟ್ಟಿದೆ. ನಮ್ಮ ಕಡೆ ಚಪ್ಪಲಿ ಮೆಟ್ಟಲು ತಡ ಮಾಡುವುದೂ ಒಂದು ಮಾತೇ. ರತ್ನನಿಗೆ ಆ ಮಾತು ನನಗಿಂತ ಚೆನ್ನಾಗಿ ಬರುತ್ತದೆ. ಅವಳು ಬಾಗಿಲಿಗೆ ಒರಗಿ ನಿಂತು, “ಹುಷಾರಾಗಿ ಹೋಗು,” ಎಂದಳು.

ಹುಣಸೂರಿಗೆ ಬರುವ ಹೊತ್ತಿಗೆ ಹಸಿವು ತಡೆಯಲಾಗಲಿಲ್ಲ. ರಸ್ತೆ ಬದಿಯ ಒಂದು ಮೆಸ್ಸಿಗೆ ನುಗ್ಗಿ, ಬಡಿಸುವವನು ಏನು ಬೇಕೆಂದು ಕೇಳುವ ಮುಂಚೆಯೇ “ಮುದ್ದೆ ಊಟ” ಎಂದೆ. ಭಿಕ್ಷದವನ ಹಾಗೆ ಗಬಗಬ ಉಂಡೆ. ಅವನು ಪಕ್ಕಕ್ಕೆ ಬಂದು, “ಇನ್ನೊಂದು ಮುದ್ದೆ ಹಾಕ್ಲಾ ಅಣ್ಣ?” ಎಂದ. ಬೇಡ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು, “ಬಿಸಿ ಅದೆ, ಒಂದೇ ಒಂದು” ಎಂದ. ಬೇಡ ಎಂದೆ. ಮೂರನೇ ಸಲ ಬಂದು, “ಹಸ್ಕೊಂಡು ಗಾಡಿ ಓಡಿಸಬ್ಯಾಡಿ ಕಣಣ್ಣ” ಎಂದು ತಟ್ಟೆಗೆ ಹಾಕಿಯೇ ಬಿಟ್ಟ. ಎಷ್ಟು ಪ್ರೀತಿಯಿಂದ ಹಾಕಿದ ಎಂದರೆ, ನಾನು ಅದೇ ಕಸುಬಿನವನಲ್ಲದಿದ್ದರೆ ನಂಬಿಬಿಡುತ್ತಿದ್ದೆ.